ತಗ್ಗು ಹುಡುಕುತ್ತಿದ್ದ ಅತ್ತಿಗೆ

ನನ್ನ ಅತ್ತಿಗೆಯ ಜೊತೆ ನಡೆದು ಹೊರಟವರು ತಲುಪಬೇಕಾದ ಜಾಗವನ್ನು ಹೊತ್ತಿಗೆ ಸರಿಯಾಗಿ ತಲುಪಿದ ಉದಾಹರಣೆ ನಮ್ಮ ಮನೆತನದಲ್ಲಿಲ್ಲ. ಎರಡು ಬೀದಿಗಳು ಕೂಡುವಲ್ಲಿ ನಾವು ನೀವೆಲ್ಲ ಅಂಗಡಿಯ ಗುರುತೋ ಮರದ ಗುರುತೋ ಹಿಡಿದು ತಿರುಗಿದರೆ, ಅವರು ಒಂದು ಗಳಿಗೆ ನಿಂತು, ಕತ್ತನ್ನು ತುಸು ಓರೆ ಮಾಡಿ, ಯಾವ ಕಡೆಗೆ ನೆಲ ಕೂದಲೆಳೆಯಷ್ಟಾದರೂ ಇಳಿದಿದೆಯೋ ಆ ಕಡೆಗೇ ಹೊರಳುತ್ತಿದ್ದರು. ಒಮ್ಮೆ ಹಲ್ಲುನೋವಿನಿಂದ ಒದ್ದಾಡುತ್ತಿದ್ದ ನನ್ನನ್ನು ದಂತವೈದ್ಯರ ಬಳಿಗೆ ಕರೆದೊಯ್ಯುತ್ತೇನೆಂದು ಹೊರಡಿಸಿ, ಮಾತಿನ ಭರದಲ್ಲಿ ಇಳಿದು ಇಳಿದು, ಕೊನೆಗೆ ಒಂದು ಮೋರಿಯ ಬಾಯಿಯ ಮುಂದೆ ತಂದು ನಿಲ್ಲಿಸಿದ್ದರು. ಊದಿದ ಕೆನ್ನೆ ಹಿಡಿದುಕೊಂಡು ನಾನು ಗೋಳಾಡುತ್ತಿದ್ದರೆ, "ತಡೀರಿ, ಒಂದ್ನಿಮಿಷ ತಡೀರಿ. ಮೇಲಿನ ಬೀದಿ ಗಾಡಿಗಳ ಎಣ್ಣೆಯೆಲ್ಲಾ ಇಲ್ಲಿಗೇ ಬರ್ತಿದೆ ನೋಡಿ" ಎಂದು ಬಗ್ಗಿ ಕೂತುಬಿಟ್ಟರು. ಅಷ್ಟರಲ್ಲಿ ದಂತವೈದ್ಯರು ಬಾಗಿಲು ಮುಚ್ಚಿಕೊಂಡು ಹೋಗಿದ್ದರು.

ಈ "ತಡೀರಿ" ಅವರ ಬಾಯಲ್ಲಿ ಸದಾ ಇದ್ದ ಮಾತು. ಉಕ್ಕುವ ಹಾಲಿಗೂ ಅದೇ, ಬಾಗಿಲಲ್ಲಿ ಅವಸರಪಡುವ ಗಂಡನಿಗೂ ಅದೇ, ಹೊರಟುಹೋದ ಬಸ್ಸಿಗೂ ಅದೇ. ನಗರದ ನೀರು ಸರಬರಾಜು ಕಚೇರಿಯಲ್ಲಿ ಅವರು ಅಧಿಕಾರಿಣಿ. ಆದರೆ ಕೈಯ ಉಗುರುಗಳ ಸಂದಿಯಲ್ಲಿ ಒಣಗಿದ ಕೆಸರು ಇಲ್ಲದ ದಿನ ನಾನು ಅವರನ್ನು ಕಂಡದ್ದು ಅವರ ಮದುವೆಯ ದಿನ ಮಾತ್ರ. ಉದ್ದನೆಯ ಆಳು, ನೆಲವನ್ನೇ ನೋಡಿ ನೋಡಿ ಬಾಗಿದ ಹೆಗಲು, ಸದಾ ಏನನ್ನೋ ಎಣಿಸುತ್ತಿರುವಂತೆ ಅಲುಗುವ ತುಟಿ. ಆಕಾಶವನ್ನು ಅವರು ನೋಡುತ್ತಿದ್ದುದು ಕಡಿಮೆ. ಮಳೆ ಬರುವ ಸೂಚನೆಯನ್ನು ಕೂಡ ನೆಲದ ವಾಸನೆಯಿಂದಲೇ ಹಿಡಿಯುತ್ತಿದ್ದರು, ಮೊದಲ ಹನಿ ಬಿದ್ದು ಊರೆಲ್ಲ ಸೂರಿನಡಿಗೆ ಓಡುವಾಗ ಚಪ್ಪಲಿ ಮೆಟ್ಟಿ ಹೊರಗೆ ಹೊರಡುತ್ತಿದ್ದರು.

ನನ್ನ ಅಣ್ಣನೂ ಅದೇ ಕಚೇರಿಯವನು, ಆದರೆ ಅವನದು ಪೈಪಿನ ವಿಭಾಗ. ಬಿದ್ದ ಮಳೆಯನ್ನು ಆದಷ್ಟು ಬೇಗ ಊರ ಹೊರಗೆ ಸಾಗಹಾಕುವುದು ಅವನ ಧರ್ಮ. ಬಿದ್ದ ಮಳೆಯನ್ನು ಬಿದ್ದಲ್ಲೇ ಆದಷ್ಟು ಹೊತ್ತು ಕೂಡಿಸಿಕೊಳ್ಳುವುದು ಅತ್ತಿಗೆಯ ಧರ್ಮ. ಹೀಗಾಗಿ ಅವರ ಊಟದ ಮೇಜು ಒಂದು ಶಾಶ್ವತ ಶಾಸ್ತ್ರಾರ್ಥಸಭೆಯಾಗಿತ್ತು. ಅಣ್ಣ ಚಮಚವನ್ನು ಓರೆ ಹಿಡಿದು ಇಳಿಜಾರು ತೋರಿಸುವನು, ಅತ್ತಿಗೆ ತಟ್ಟೆಯ ಅನ್ನದಲ್ಲಿ ಬೆರಳಿನಿಂದ ಗುಳಿ ಮಾಡಿ ಸಾರು ಇಂಗುವುದನ್ನು ತೋರಿಸುವರು. ಮಧ್ಯೆ ಕೂತ ನನ್ನ ಅನ್ನ ಆರಿ ಕಲ್ಲಾಗುವುದು. "ಮನೆಗೆ ಬಂದೋರನ್ನ ಹೊಸ್ತಿಲಿಂದಲೇ ತಳ್ಳಿಬಿಡ್ತೀರಲ್ಲ, ಸ್ವಲ್ಪ ಕೂತ್ಕೊಳ್ಳೋಕೆ ಹೇಳ್ಬಾರ್ದಾ?" ಎಂದು ಅತ್ತಿಗೆ ಕೇಳಿದರೆ, ಬಂದವರು ನೆಂಟರೋ ನೀರೋ ಎಂದು ತಿಳಿಯದೆ ನಾನು ಎದ್ದು ಕೈ ತೊಳೆಯುತ್ತಿದ್ದೆ. ಅವರಿಬ್ಬರ ಜಗಳದಲ್ಲಿ ನಾನು ಕಂಡಷ್ಟು ಪ್ರೀತಿಯನ್ನು ಬೇರೆಯವರ ಸಾಮರಸ್ಯದಲ್ಲಿ ಕಂಡಿಲ್ಲ.

ನಮ್ಮ ಊರಿನ ಮೇಲಿನ ಬೀದಿಗಳು ಗುಡ್ಡದ ಮೇಲಿವೆ. ಅಲ್ಲಿನ ಮಾಳಿಗೆಗಳ, ಅಂಗಳಗಳ, ರಸ್ತೆಗಳ ನೀರೆಲ್ಲ ಇಳಿದು ಬರುವುದು ಕೆಳಬೀದಿಯ ಮೂಲೆಗೆ. ಅಲ್ಲಿ ಸೋಸಿಕೊಳ್ಳಲು ವ್ಯವಧಾನ ಸಿಗದೆ, ಎಣ್ಣೆ ಕಸಗಳ ಸಮೇತ, ಅಣ್ಣ ಹಾಕಿಸಿದ್ದ ಪೈಪಿನ ಮೂಲಕ ಹಿಂದಿನ ತೊರೆಗೆ ಧುಮುಕುವುದು. ತೊರೆಯಿಂದ ಊರು ಕುಡಿಯುವ ಕೆರೆಗೆ. ಮಳೆ ಜೋರಾದರೆ ಪೈಪು ಕಟ್ಟಿಕೊಂಡು ನೀರು ಕೆಳಬೀದಿಯ ಮನೆಗಳಿಗೆ ನುಗ್ಗುವುದು. ಮೊದಲು ನುಗ್ಗುತ್ತಿದ್ದುದು ಮೂಲೆಯಲ್ಲೇ ಇದ್ದ ದರ್ಜಿಯ ಅಂಗಡಿಗೆ. ಅಂಗಡಿಯೆಂದರೆ ಅವನ ಬಾಡಿಗೆ ಮನೆಯ ಮುಂದಿನ ಕೋಣೆ. ಅದರಲ್ಲಿ ಕಪ್ಪು ಹೊಲಿಗೆ ಯಂತ್ರಗಳೆರಡು, ಒಂದು ಅವನದು, ಒಂದು ಅವನ ಹೆಂಡತಿಯದು. ಪ್ರತಿ ಮಳೆಗಾಲಕ್ಕೆ ಮುಂಚೆ ಗಂಡಹೆಂಡಿರು ಆ ಯಂತ್ರಗಳ ಕಾಲಡಿಗೆ ಇಟ್ಟಿಗೆ ಪೇರಿಸಿ, ಬಟ್ಟೆಯ ಗಂಟುಗಳನ್ನು ಅಟ್ಟಕ್ಕೇರಿಸಿ, ಎತ್ತರದ ಸ್ಟೂಲುಗಳ ಮೇಲೆ ಗಿಣಿಗಳ ಹಾಗೆ ಕೂತು ಹೊಲಿಯುತ್ತಿದ್ದರು. ಅತ್ತಿಗೆ ತಮ್ಮ ಇಳಿಜಾರಿನ ನಡಿಗೆಯಲ್ಲಿ ಮೊದಲ ಸಲ ಅಲ್ಲಿಗೆ ಬಂದಾಗ ಕಂಡದ್ದು ಆ ಇಟ್ಟಿಗೆಗಳನ್ನು.

"ಇವನ್ನ ತೆಗೆಯೋ ಹಾಗೆ ಮಾಡ್ತೀನಿ, ತಡೀರಿ" ಎಂದರಂತೆ ದರ್ಜಿಗೆ. ದರ್ಜಿ ನಕ್ಕು, "ಆಗ್ಲಿ ಮೇಡಂ, ಅಲ್ಲೀವರೆಗೂ ನಿಮ್ಮ ರವಿಕೆ ಅಳತೆ ಕೊಡಿ" ಎಂದನಂತೆ.

ಮೂಲೆಯೆದುರಿಗೆ ಕಚೇರಿಯವರು ಒಡೆದ ಪೈಪುಗಳನ್ನು ಬಿಸಾಡುತ್ತಿದ್ದ ಒಂದು ಬೀಳು ಜಾಗವಿತ್ತು. ಅದನ್ನು ಅತ್ತಿಗೆಗೆ ಕೊಡಿಸಿದವನು ಅಣ್ಣನೇ. ಮೇಲಧಿಕಾರಿಗಳ ಮುಂದೆ ಹಲ್ಲು ಗಿಂಜಿ, ಹೆಂಡತಿಯ ಹುಚ್ಚಿಗೆ ಜಾಮೀನು ನಿಂತ ಗಂಡ ಎಂಬ ಗೇಲಿ ಸಹಿಸಿ, ಹೇಗೋ ಒಪ್ಪಿಸಿದ. ಅತ್ತಿಗೆ ಅಲ್ಲಿ ತಟ್ಟೆಯ ಆಕಾರದ ದೊಡ್ಡ ತಗ್ಗೊಂದನ್ನು ತೋಡಿಸಿದರು. ತಳಕ್ಕೆ ಜಲ್ಲಿ, ಅದರ ಮೇಲೆ ಮರಳು, ಅದರ ಮೇಲೆ ಕೈಯಲ್ಲಿ ಹಿಡಿದರೆ ಉದುರಿಹೋಗುವಂಥ ಸಡಿಲ ಮಣ್ಣು. ಅದರ ತುಂಬ ಜೊಂಡು, ಆಪು, ಬೇರು ಆಳಕ್ಕಿಳಿಯುವ ಹುಲ್ಲು. ರಸ್ತೆಯಂಚಿನ ಕಲ್ಲನ್ನು ಅಲ್ಲಲ್ಲಿ ಕತ್ತರಿಸಿ ನೀರಿಗೆ ಬಾಗಿಲು ಬಿಟ್ಟರು. ಬಂದ ನೀರು ಅಲ್ಲಿ ಕೂರಬೇಕು, ಕೊಳೆಯನ್ನು ಬೇರುಗಳಿಗೆ ಒಪ್ಪಿಸಬೇಕು, ಮಣ್ಣಿನೊಳಗೆ ಇಳಿದು ನಿಧಾನವಾಗಿ, ತಿಳಿಯಾಗಿ, ತೊರೆಗೆ ಸೇರಬೇಕು. ಅಷ್ಟೇ ಅದರ ತಂತ್ರ. ಕೆಲಸಗಾರರನ್ನು ಆ ಮಣ್ಣಿನ ಮೇಲೆ ಕಾಲಿಡಗೊಡುತ್ತಿರಲಿಲ್ಲ. ಹಲಗೆ ಹಾಸಿ ಅದರ ಮೇಲೆ ನಡೆಯಬೇಕು. ತುಳಿದ ಮಣ್ಣು ನೀರು ಕುಡಿಯುವುದಿಲ್ಲ ಎಂದು ಅವರು ಹೇಳುವಾಗ ದನಿ ಎಷ್ಟು ಮೆತ್ತಗಿರುತ್ತಿತ್ತೆಂದರೆ ನನಗೆ ಕಾರಣವಿಲ್ಲದೆ ನನ್ನ ಬೂಟುಗಳ ಬಗ್ಗೆ ನಾಚಿಕೆಯಾಗುತ್ತಿತ್ತು.

ಎರಡು ವಿಷಯದಲ್ಲಿ ಅತ್ತಿಗೆ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ತಗ್ಗು ಸಿದ್ಧವಾದ ಮೇಲೆ ಅಣ್ಣನ ಹಳೆಯ ಪೈಪಿನ ಬಾಯನ್ನು ಸಿಮೆಂಟು ಹಾಕಿ ಪೂರ್ತಿ ಮುಚ್ಚಿಸಿದರು. ಅದು ತೆರೆದಿದ್ದರೆ ಕೊಳೆನೀರು ಸೋಮಾರಿಯ ಹಾಗೆ ಆ ದಾರಿಯನ್ನೇ ಹಿಡಿಯುತ್ತದೆ ಎಂಬುದು ಅವರ ವಾದ. "ಮುಚ್ಚು, ಬೇಡ ಅನ್ನಲ್ಲ. ಆದ್ರೆ ಒಂದು ಬಾಯಿ ಇಟ್ಟಿರು ಕಣೇ, ಯಾವತ್ತಾದ್ರೂ ಬೇಕಾಗುತ್ತೆ" ಎಂದು ಅಣ್ಣ ಅಂಗಲಾಚಿದ. ಒಪ್ಪಲಿಲ್ಲ. ಎರಡನೆಯದು, ಕಚೇರಿಯವರು ತಗ್ಗಿನ ಮುಂದೆ ವಿವರ ಬರೆದ ಫಲಕ ಹಾಕಿಸುತ್ತೇವೆಂದಾಗ ಬೇಡವೆಂದರು. "ಬೋರ್ಡ್ ಯಾಕೆ? ನೋಡಿದ್ರೆ ಗೊತ್ತಾಗಲ್ವಾ?" ಎಂದರು. ತಮಗೆ ಕಾಣುವುದು ಎಲ್ಲರಿಗೂ ಕಾಣುತ್ತದೆ ಎಂದು ನಂಬುವುದು ಬುದ್ಧಿವಂತರ ಒಂದು ಬಗೆಯ ದಡ್ಡತನ, ಅದು ಅತ್ತಿಗೆಯಲ್ಲಿ ಧಾರಾಳವಾಗಿತ್ತು.

ಜೊಂಡು ಬೇರೂರುವ ಮೊದಲೇ ಅಣ್ಣ ತೀರಿಕೊಂಡ. ಅವನ ಬೂದುಬಣ್ಣದ ಮಳೆಕೋಟು ಬಾಗಿಲ ಹಿಂದೆ ಉಳಿಯಿತು. ಅತ್ತಿಗೆ ಅದರ ತೋಳುಗಳನ್ನು ಎರಡು ಮಡಿಕೆ ಮಡಿಚಿ ತಾವೇ ಹಾಕಿಕೊಳ್ಳತೊಡಗಿದರು, ಬಿಸಿಲಿನಲ್ಲೂ. ಜೇಬಿನಲ್ಲಿ ಅಣ್ಣನ ಅಳತೆಪಟ್ಟಿ ಹಾಗೇ ಇತ್ತು. ಅದರ ಜೊತೆಗೆ ಹುಲ್ಲಿನ ಬೀಜ, ಬೇರಿನ ಚೂರು, ಯಾವುದೋ ಬೀದಿಯ ಹಿಡಿ ಮಣ್ಣು ಸೇರಿಕೊಂಡವು. ಬೀದಿಯವರು ಬೆನ್ನ ಹಿಂದೆ ಅವರನ್ನು "ಕೋಟಮ್ಮ" ಎಂದು ಕರೆಯುತ್ತಿದ್ದರು. ಅತ್ತಿಗೆಗೆ ಅದು ಗೊತ್ತಿತ್ತು, ಬೇಸರವೇನೂ ಇರಲಿಲ್ಲ.

ಮುಂದಿನ ಮಳೆಗಾಲದಲ್ಲಿ ಕೆಳಬೀದಿಗೆ ನೀರು ನುಗ್ಗಲಿಲ್ಲ. ಅದರ ಮುಂದಿನ ಮಳೆಗಾಲದಲ್ಲೂ ಇಲ್ಲ. ಸಂಜೆ ಕೆಸರು ಬಣ್ಣದಲ್ಲಿ ತುಂಬಿ ನಿಂತ ತಗ್ಗು ಮರುದಿನ ಮಧ್ಯಾಹ್ನದೊಳಗೆ ಎಲ್ಲವನ್ನೂ ಕುಡಿದು ಸುಮ್ಮನಾಗಿರುತ್ತಿತ್ತು. ಎರಡನೆಯ ಮಳೆಗಾಲ ಮುಗಿದ ಮೇಲೆ ದರ್ಜಿ ಯಂತ್ರಗಳ ಕಾಲಡಿಯಿಂದ ಇಟ್ಟಿಗೆಗಳನ್ನು ಎಳೆದುಹಾಕಿದ. ಅವನ ಹೆಂಡತಿ ಸ್ಟೂಲಿನಿಂದಿಳಿದು ಮಾಮೂಲಿ ಕುರ್ಚಿಯ ಮೇಲೆ ಕೂತು, ಪಾದಗಳನ್ನು ನೆಲಕ್ಕೂರಿ, "ಅಬ್ಬಾ, ಕಾಲು ಊರಿ ಹೊಲಿಯೋದು ಹೀಗಿರುತ್ತೆ ಅಂತ ಮರೆತೇ ಹೋಗಿತ್ತು" ಎಂದಳು. ಅತ್ತಿಗೆ ಅಂದು ನಮ್ಮ ಮನೆಗೆ ಬಂದು, ಕೋಟು ಕೂಡ ಬಿಚ್ಚದೆ, ಈ ಮಾತನ್ನು ನನಗೂ ನನ್ನ ಹೆಂಡತಿಗೂ ಬೇರೆ ಬೇರೆಯಾಗಿ ಹೇಳಿದರು. ಅವರು ಅಷ್ಟು ಸಂತೋಷವಾಗಿದ್ದುದನ್ನು ನಾನು ಆಮೇಲೆ ಕಾಣಲಿಲ್ಲ.

ಬೇಸಿಗೆಯಲ್ಲಿ ಜೊಂಡು ಒಣಗಿದಂತೆ ಕಾಣುತ್ತದೆ. ಮೇಲೆ ಕಂದು ಕಡ್ಡಿ, ಬುಡದಲ್ಲಿ ಬಿರುಕು ಬಿಟ್ಟ ಮಣ್ಣು, ಗಾಳಿ ಹೊತ್ತು ತಂದ ಕಾಗದ. ಜೀವವೆಲ್ಲ ಬೇರಿನಲ್ಲಿರುತ್ತದೆ; ಕಣ್ಣಿಗೆ ಬೀಳುವುದು ಹಾಳುಬಿದ್ದ ಜಾಗ ಮಾತ್ರ. ಆ ಬೇಸಿಗೆಯಲ್ಲಿ ಅತ್ತಿಗೆ ನಿವೃತ್ತರಾದರು, ಅದರ ಬೆನ್ನಿಗೇ ಮಗಳಿಗೆ ದೊಡ್ಡ ಆಪರೇಷನ್ ಆಯಿತೆಂದು ಅವಳ ಊರಿಗೆ ಹೋದರು. ಕೆಳಬೀದಿಯ ಜನ ಒಳ್ಳೆಯವರು. ತಮ್ಮ ಮನೆಗಳನ್ನು ಒಣಗಿಸಿಟ್ಟ ಹೆಣ್ಣುಮಗಳಿಗೆ ಏನಾದರೂ ಮಾಡಬೇಕೆಂದು ಅವರಿಗನ್ನಿಸಿತು. ಬೀದಿಯ ಸಂಘದ ಅಧ್ಯಕ್ಷರು, ನಿವೃತ್ತ ಬ್ಯಾಂಕ್ ಮ್ಯಾನೇಜರು, ಮುಂದೆ ನಿಂತರು. ಅತ್ತಿಗೆ ವಾಪಸು ಬರುವ ದಿನ ಅವರಿಗೆ ತಿಳಿಯದಂತೆ ಒಂದು ಸಮಾರಂಭ ಇಟ್ಟುಕೊಂಡಿದ್ದೇವೆ, ರೈಲು ನಿಲ್ದಾಣದಿಂದ ನೇರ ಇಲ್ಲಿಗೇ ಕರೆತನ್ನಿ ಎಂದು ನನಗೆ ಹೇಳಿ ಕಳಿಸಿದರು. ಏನೋ ಹಾರ ತುರಾಯಿಯ ಗಲಾಟೆ ಇರಬೇಕೆಂದುಕೊಂಡು ನಾನೂ ಒಪ್ಪಿದೆ.

ನಿಲ್ದಾಣದಿಂದ ನಡೆದೇ ಬಂದೆವು. ಅಂದು ಅತ್ತಿಗೆಯ ಇಳಿಜಾರಿನ ಚಾಳಿ ನನಗೆ ಅನುಕೂಲವೇ ಆಯಿತು, ಏಕೆಂದರೆ ಹೇಗೆ ಬಿಟ್ಟರೂ ಅವರು ಬಂದು ಸೇರುವುದು ಆ ಮೂಲೆಗೇ. ಮೂಲೆ ತಿರುಗಿದಾಗ ಕುರ್ಚಿಗಳ ಸಾಲು, ಮೈಕು, ಬಣ್ಣದ ಕಾಗದ, ಚಪ್ಪಾಳೆ. ಅತ್ತಿಗೆಯ ಕಣ್ಣು ಅವೊಂದನ್ನೂ ನೋಡಲಿಲ್ಲ. ತಗ್ಗು ಇರಲಿಲ್ಲ. ಬೀದಿಯವರೆಲ್ಲ ಸೇರಿ, ತಮ್ಮ ಕೈಯಾರೆ, ರಜಾದಿನಗಳಲ್ಲಿ ಬೆವರು ಸುರಿಸಿ, ಒಣಜೊಂಡನ್ನು ಬುಡಸಮೇತ ಕಿತ್ತು, ಒಳ್ಳೆಯ ಕೆಂಪುಮಣ್ಣು ತುಂಬಿ, ರೋಲರು ಹಾಯಿಸಿ, ಮಟ್ಟಸವಾದ ಹುಲ್ಲುಹಾಸು ಹಾಸಿದ್ದರು. ನಡುವೆ ಗುಲಾಬಿ ಕುಂಡಗಳು. ರಸ್ತೆಯಂಚಿನ ಮುರಿದ ಕಲ್ಲುಗಳನ್ನೂ ಅಂದವಾಗಿ ಸೇರಿಸಿ ಸಿಮೆಂಟು ಮೆತ್ತಿದ್ದರು. ಎದುರಿಗೆ ಹೊಳೆಯುವ ಫಲಕದ ಮೇಲೆ ಅತ್ತಿಗೆಯ ಹೆಸರು, ಕೆಳಗೆ "ಉದ್ಯಾನ" ಎಂಬ ಮಾತು.

ಅತ್ತಿಗೆ ನನ್ನ ತೋಳು ಹಿಡಿದುಕೊಂಡರು. ಆ ಹಿಡಿತದ ನೋವು ಇನ್ನೂ ನೆನಪಿದೆ. ಅಧ್ಯಕ್ಷರು ಭಾಷಣ ಮಾಡಿದರು, "ಮೇಡಂ ಇಷ್ಟು ಕಷ್ಟಪಟ್ಟ ಜಾಗ ಕಳೆ ಬೆಳೆದು ಹಾಳಾಗಿತ್ತು, ನೋಡೋಕಾಗ್ತಿರ್ಲಿಲ್ಲ, ನಮ್ಮ ಕರ್ತವ್ಯ ನಾವು ಮಾಡಿದೀವಿ" ಎಂದರು. ಹೇಳುತ್ತಾ ಹೇಳುತ್ತಾ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು; ಅವರದು ನಾಟಕವಾಗಿರಲಿಲ್ಲ. ಮೈಕು ಅತ್ತಿಗೆಯ ಕೈಗೆ ಬಂತು. "ತಡೀರಿ…" ಎಂದರು. ಅತ್ತಿಗೆ ಹುಲ್ಲುಹಾಸನ್ನು ನೋಡಿದರು, ಅದರ ಮೇಲೆ ಚಪ್ಪಲಿ ಹಾಕಿ ನಿಂತ ಅಷ್ಟೂ ಕಾಲುಗಳನ್ನು ನೋಡಿದರು, ಬಾಯಿ ತೆರೆದರು, ಮತ್ತೆ "ತಡೀರಿ" ಎಂದರು. ಮುಂದೆ ಮಾತು ಹೊರಡಲಿಲ್ಲ. ಕೃತಜ್ಞತೆಯಿಂದ ಕಂಠ ತುಂಬಿಬಂದಿದೆಯೆಂದು ತಿಳಿದು ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು.

ಚಹಾ ಬಿಸ್ಕತ್ತು ಮುಗಿಯುವವರೆಗೂ ಅವರು ಎಲ್ಲರಿಗೂ "ಚೆನ್ನಾಗಿದೆ, ಚೆನ್ನಾಗಿದೆ" ಎನ್ನುತ್ತಿದ್ದರು. ಜನ ಕರಗಿದ ಮೇಲೆ ನೇರವಾಗಿ ದರ್ಜಿಯ ಅಂಗಡಿಗೆ ಹೋದರು. ನಾನು ಹಿಂದೆಯೇ ಇದ್ದೆ.

"ಇಟ್ಟಿಗೆ ಮತ್ತೆ ಇಡಿ," ಎಂದರು.

ದರ್ಜಿ ಹಲ್ಲಿನಲ್ಲಿ ಹಿಡಿದಿದ್ದ ದಾರವನ್ನು ಬಿಟ್ಟ. "ಯಾಕ್ ಮೇಡಂ?"

"ಈ ಸಲ ನೀರು ಬರುತ್ತೆ."

ಅವನು ನಕ್ಕ. ದೊಡ್ಡವರು ತಮ್ಮ ಕೆಲಸವನ್ನು ಕಡಿಮೆ ಮಾಡಿ ಹೇಳಿಕೊಳ್ಳುತ್ತಾರಲ್ಲ, ಆ ವಿನಯವಿದು ಎಂದುಕೊಂಡನೋ ಏನೋ. "ನೀವಿರೋವಾಗ ಬರುತ್ತಾ? ಇಟ್ಟಿಗೆ ನನ್ ಹತ್ರ ಎಲ್ಲಿದೆ ಮೇಡಂ? ನಿಮ್ ಪಾರ್ಕಿಗೇ ಕೊಟ್ನಲ್ಲ. ಗುಲಾಬಿ ಸುತ್ತ ಇದೆ ನೋಡಿ, ಸುಣ್ಣ ಬಳಿದಿರೋದು. ನಾನೇ ಬಳಿದೆ" ಎಂದ.

ಅತ್ತಿಗೆ ಅಲ್ಲೇ ಇದ್ದ ಕುರ್ಚಿಯ ಮೇಲೆ, ಯಾರದೋ ಅರ್ಧ ಹೊಲಿದ ಅಂಗಿಯ ಮೇಲೆಯೇ, ಕೂತುಬಿಟ್ಟರು. ನಂತರ ಎದ್ದು ಹೋಗಿ, ಗುಲಾಬಿಯ ಸುತ್ತ ಹುಗಿದಿದ್ದ ಇಟ್ಟಿಗೆಗಳನ್ನು ಒಂದೊಂದಾಗಿ ಕಿತ್ತು ಕೋಟಿನ ಮಡಿಲಲ್ಲಿ ಹೊತ್ತು ತಂದು ಯಂತ್ರಗಳ ಕಾಲಡಿಗೆ ಸೇರಿಸತೊಡಗಿದರು. "ಬಿಡಿ ಮೇಡಂ, ಜನ ನೋಡ್ತಿದಾರೆ" ಎಂದು ದರ್ಜಿ ಬೇಡಿಕೊಂಡ. ಜನ ನೋಡುತ್ತಲೇ ಇದ್ದರು. ಮಾಳಿಗೆಯ ಕಟಕಟೆಗಳಿಗೆ ಆತು ನಿಂತು, ತಾವು ಪ್ರೀತಿಯಿಂದ ಕಟ್ಟಿದ್ದನ್ನು ಆ ಮುದುಕಿ ಮೊದಲ ದಿನವೇ ಕೆಡವುವುದನ್ನು ನೋಡಿದರು.

ಮುಂದಿನ ದಿನಗಳ ಕಥೆಯನ್ನು ನಾನು ಹೆಚ್ಚು ಬೆಳೆಸಲಾರೆ. ಅತ್ತಿಗೆ ಮನೆಮನೆಗೆ ಹೋದರು. ಎಂದೂ ವಿವರಿಸಿ ಗೊತ್ತಿಲ್ಲದ ಬಾಯಿಂದ ಬೇರು, ಮಣ್ಣು, ಇಂಗುವಿಕೆ ಎಂದು ವಿವರಿಸಿದರು. ಕೇಳಿದವರು ಮುಖ ಊದಿಸಿಕೊಂಡರು. "ಅಲ್ಲ, ಅಷ್ಟು ಮುಖ್ಯವಾಗಿದ್ರೆ ಒಂದು ಬೋರ್ಡಾದ್ರೂ ಹಾಕ್ಬೇಕಿತ್ತು ತಾನೇ?" ಎಂದು ಅಧ್ಯಕ್ಷರು ಕೇಳಿದರು. ಅತ್ತಿಗೆ ಅಲ್ಲಿಂದ ಎದ್ದು ಹೊರಟರು. ಹಳೆಯ ಕಚೇರಿಗೆ ಹೋದರೆ ಅವರ ಕುರ್ಚಿಯಲ್ಲಿ ಕೂತಿದ್ದ ಹೊಸಬ ಎದ್ದು ನಿಂತು ಗೌರವ ತೋರಿಸಿದ, ಕಾಫಿ ತರಿಸಿದ, "ಜನಾನೇ ಮಾಡಿರೋದು ಮೇಡಂ, ಅದರ ಮೇಲೆ ನಿಮ್ಮ ಹೆಸರು ಬೇರೆ ಇದೆ, ಹೇಗೆ ಅಗೆಯೋದು ಹೇಳಿ?" ಎಂದ. ಮುಚ್ಚಿದ ಪೈಪಿನ ಬಾಯನ್ನಾದರೂ ತೆರೆಸಿಕೊಡಿ ಎಂದು ಕೊನೆಗೆ ಕೇಳಿದರಂತೆ. ಗಂಡನ ಪೈಪನ್ನು ಅವರು ಬೇಡಿದ್ದು ಅದೇ ಮೊದಲು. ಮಳೆಗಾಲ ಕಳೆಯಲಿ, ನೋಡೋಣ ಎಂಬ ಉತ್ತರ ಬಂತು.

ಮಳೆ ಒಂದು ಮಧ್ಯಾಹ್ನ ಬಂತು. ನಾನು ಛತ್ರಿ ಹಿಡಿದು ಕೆಳಬೀದಿಗೆ ಓಡಿದಾಗ ಅತ್ತಿಗೆ ಆಗಲೇ ಅಲ್ಲಿದ್ದರು. ಬೂದು ಕೋಟಿನಲ್ಲಿ, ಮೊಣಕಾಲುದ್ದದ ನೀರಿನಲ್ಲಿ ನಿಂತು, ಗುದ್ದಲಿಯಿಂದ ರಸ್ತೆಯಂಚಿನ ಸಿಮೆಂಟನ್ನು ಒಡೆಯುತ್ತಿದ್ದರು. ಒಂದು ಬಾಗಿಲು ತೆರೆದೂ ತೆರೆದರು. ನೀರು ಅದರೊಳಗೆ ನುಗ್ಗಿ, ಗಟ್ಟಿಯಾದ ಹುಲ್ಲುಹಾಸಿನ ಮೇಲೆ ಜಾರಿ, ಒಳಗಿಳಿಯಲು ಜಾಗ ಸಿಗದೆ, ಗುಲಾಬಿ ಕುಂಡಗಳನ್ನು ಉರುಳಿಸಿಕೊಂಡು ದರ್ಜಿಯ ಬಾಗಿಲಿಗೆ ತಿರುಗಿತು. ಮೊದಲಾದರೆ ಅದಕ್ಕೆ ಕಟ್ಟಿಕೊಂಡ ಪೈಪಾದರೂ ಒಂದಿತ್ತು. ಈಗ ಅದೂ ಇರಲಿಲ್ಲ. ಅಂಗಡಿಯೊಳಗೆ ನೀರು ಇಟ್ಟಿಗೆಯ ಮೇಲಂಚನ್ನು ಮುಟ್ಟಿತು, ದಾಟಿತು. ಸುಣ್ಣ ಕರಗಿ ನೀರು ಅಷ್ಟುದ್ದಕ್ಕೂ ಬೆಳ್ಳಗಾಯಿತು. ದರ್ಜಿಯ ಹೆಂಡತಿ ತನ್ನ ಯಂತ್ರವನ್ನು ಎರಡೂ ಕೈಯಿಂದ ತಬ್ಬಿ ಎತ್ತಲು ನೋಡಿದಳು. ಅದು ಕಬ್ಬಿಣ, ಅಲುಗಲಿಲ್ಲ. ನಾವು ಮೂವರು ಸೇರುವಷ್ಟರಲ್ಲಿ ಅದು ಇಟ್ಟಿಗೆಯಿಂದ ಜಾರಿ ಮಗ್ಗುಲಾಯಿತು. ನಂಬಿ ಅಟ್ಟದಿಂದ ಕೆಳಗಿಳಿಸಿದ್ದ ಬಟ್ಟೆಗಳು, ಊರವರ ಹೊಸ ಬಟ್ಟೆಗಳು, ಬಣ್ಣ ಬಿಟ್ಟುಕೊಂಡು ಒಂದರೊಡನೊಂದು ತೇಲಿದವು.

ನೀರಿಳಿದ ಮೇಲೆ ಅತ್ತಿಗೆ ದರ್ಜಿಯ ಮುಂದೆ ನಿಂತರು. ಅವನು ಕೂಗಾಡಿದ್ದರೆ ಚೆನ್ನಾಗಿತ್ತು. ಒದ್ದೆ ಬಟ್ಟೆ ಹಿಂಡುತ್ತಾ, ತಲೆ ಎತ್ತದೆ, "ಇಷ್ಟು ವರ್ಷ ಇಟ್ಟಿಗೇನ ನಂಬಿದ್ದೆ ಮೇಡಂ. ಆಮೇಲೆ ನಿಮ್ಮನ್ನ ನಂಬಿದೆ" ಎಂದ. ದನಿಯಲ್ಲಿ ಕೋಪವಿರಲಿಲ್ಲ, ಲೆಕ್ಕ ತಪ್ಪಿದವನ ಬೇಸರ ಮಾತ್ರ ಇತ್ತು. ಆ ತಿಂಗಳು ಮುಗಿಯುವ ಮೊದಲೇ ಗಂಡಹೆಂಡಿರು ಬೀದಿ ಬಿಟ್ಟು ಹೋದರು. ಎಲ್ಲಿಗೆಂದು ಅತ್ತಿಗೆಗೆ ಹೇಳಿಹೋಗಲಿಲ್ಲ.

ಈಗ ಆ ಮೂಲೆಯ ಅಡಿಯಲ್ಲಿ ಇನ್ನೂ ದಪ್ಪನೆಯ ಪೈಪು ಹಾಕಿದ್ದಾರೆ. ಕೆರೆಯ ನೀರು ಕುದಿಸಿ ಕುಡಿಯಿರಿ ಎಂದು ಪ್ರತಿ ಮಳೆಗಾಲದಲ್ಲೂ ಪ್ರಕಟಣೆ ಬರುತ್ತದೆ. ಹುಲ್ಲುಹಾಸು ಮತ್ತೆ ಹಸಿರಾಗಿದೆ, ಫಲಕವನ್ನು ತೊಳೆದು ನಿಲ್ಲಿಸಿದ್ದಾರೆ. ತೆಗೆಸಿಬಿಡಿ ಎಂದು ಅತ್ತಿಗೆ ಬೇಡಿದ್ದನ್ನು ಬೀದಿಯವರು ನಡೆಸಿಕೊಡಲಿಲ್ಲ. ಅವರು ಈಗಲೂ ಒಳ್ಳೆಯ ಜನ, ಹಳೆಯ ಮನಸ್ತಾಪವನ್ನು ಹೊಟ್ಟೆಗೆ ಹಾಕಿಕೊಂಡಿದ್ದಾರೆ. ದರ್ಜಿಯ ಕೋಣೆಗೆ ಬಂದಿರುವ ಹೊಸ ಬಾಡಿಗೆದಾರ ತನ್ನ ಮಂಚದ ಕಾಲಡಿಗೆ ಇಟ್ಟಿಗೆ ಕೊಟ್ಟಿದ್ದಾನೆ.

ಇಂಥವರ ಕೆಲಸದ ಸ್ವಭಾವವೇ ಹಾಗೆಂದು ನನಗೆ ಅನ್ನಿಸುತ್ತದೆ. ಸೇತುವೆ ಕಟ್ಟಿದವನಿಗೆ ತೋರಿಸಲು ಸೇತುವೆಯಿದೆ, ಮನೆ ಕಟ್ಟಿದವನಿಗೆ ಮನೆ. ಆಗದಂತೆ ತಡೆದವರಿಗೆ ತೋರಿಸಲು ಏನಿದೆ? ಒಳಗೆ ಬಾರದ ನೀರು, ಒದ್ದೆಯಾಗದ ಬಟ್ಟೆ, ನೆಲಕ್ಕೂರಿದ ಒಬ್ಬ ಹೆಂಗಸಿನ ಪಾದ. ಅವರು ಗೆದ್ದರೆ ಏನೂ ಆಗುವುದಿಲ್ಲ, ಏನೂ ಆಗದಿದ್ದುದಕ್ಕೆ ಕೃತಜ್ಞರಾಗುವುದು ಹೇಗೆಂದು ತಿಳಿಯದ ನಾವು ಕೈಗೆ ಸಿಕ್ಕ ಗುಲಾಬಿಯನ್ನು ಅದರ ಮೇಲೆ ನೆಡುತ್ತೇವೆ. ದ್ವೇಷದಿಂದ ಕೆಟ್ಟದ್ದಾಗಿದ್ದರೆ ಅವರು ಹೋರಾಡುತ್ತಿದ್ದರು. ಪ್ರೀತಿಯಿಂದ ಕೆಟ್ಟದ್ದರ ಮುಂದೆ ಅವರಿಗೆ "ಚೆನ್ನಾಗಿದೆ" ಎನ್ನುವುದಲ್ಲದೆ ಬೇರೆ ದಾರಿಯಿರಲಿಲ್ಲ.

ಮೊನ್ನೆ ಅತ್ತಿಗೆಯ ಜೊತೆ ಕನ್ನಡಕದ ಅಂಗಡಿಗೆ ಹೋಗಿದ್ದೆ. ಕೂಡುರಸ್ತೆಯಲ್ಲಿ ನಾನು ಅಭ್ಯಾಸಬಲದಿಂದ ನಿಂತೆ, ಅವರು ಕತ್ತು ಓರೆ ಮಾಡಲೆಂದು ಕಾದೆ. ಅವರು ನಿಲ್ಲಲಿಲ್ಲ. ಎಲ್ಲರ ಹಾಗೆ ಅಂಗಡಿಯ ಗುರುತು ನೋಡಿ ಬಲಕ್ಕೆ ತಿರುಗಿ, ನೇರವಾಗಿ ನಡೆದರು. ನಾವು ಹೊತ್ತಿಗೆ ಸರಿಯಾಗಿ ತಲುಪಿದೆವು.